ಅಂತರ್ಜಾಲದ ಆಯ್ಕೆ: ಮಲಪನಗುಡಿಯ ಮನೆಗಳಿಗೊಂದು ಕಿವಿಮಾತು

ಮೋಡೆಮ್ ಎಂಬ ಸಾಧನದ ನೆರವಿನಿಂದ ದೂರವಾಣಿಯ ತಂತಿಯಲ್ಲೇ ಕರೆಮಾಡಿ ಅಂತರ್ಜಾಲವನ್ನು ಸೇರುವ ಡಯಲ್‌ಅಪ್ ಪದ್ಧತಿಯು 1995ರ ಆಗಸ್ಟ್ 15ರಂದು ಭಾರತದ ಸಾರ್ವಜನಿಕರಿಗೆ ತೆರೆದುಕೊಂಡಿತು. ಮುಂದೆ ಅದು ತನ್ನ ಗರಿಷ್ಠ ಮಿತಿಯಾದ ಸೆಕೆಂಡಿಗೆ 56 ಕಿಲೋಬಿಟ್ ವೇಗವನ್ನು ಮುಟ್ಟಿದಾಗಲೂ 5 ಮೆಗಾಬೈಟಿನ ಒಂದು ಛಾಯಾಚಿತ್ರ ಇಳಿಯಲು ಸುಮಾರು 12 ನಿಮಿಷ ಹಿಡಿಯುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಮಾಹಿತಿ ಸಾಗಿಸುವ 100 ಮೆಗಾಬಿಟ್‌ನ ಫೈಬರ್ ಸಂಪರ್ಕಕ್ಕೆ ಅದೇ ಕೆಲಸಕ್ಕೆ ಅರ್ಧ ಸೆಕೆಂಡೂ ಬೇಡ.

ಡಯಲ್‌ಅಪ್ ಮರೆಯಾದರೂ ಅದರ ವೇಗ ಮರೆಯಾಗಿಲ್ಲ. ಅನೇಕ ಮೊಬೈಲ್ ಯೋಜನೆಗಳಲ್ಲಿ ದಿನದ ಡೇಟಾ ಮುಗಿದೊಡನೆ ವೇಗವು 64 ಕಿಲೋಬಿಟ್‌ಗೆ ಕುಸಿಯುವುದರಿಂದ, ಸಂಜೆಯ ಪಾಠಕ್ಕೆ ಕುಳಿತ ಮಕ್ಕಳ ಪಾಲಿಗೆ ಹಳೆಯ ಕಾಲವೇ ಮರಳಿದಂತಾಗುತ್ತದೆ. ಜೊತೆಗೆ ಹಂಪಿಯ ಬಂಡೆಗುಡ್ಡಗಳೂ ಸಂಡೂರಿನ ಬೆಟ್ಟಸಾಲುಗಳೂ ರೇಡಿಯೊ ಅಲೆಗಳನ್ನು ತಡೆಯುವುದರಿಂದ, ಹೊಸಪೇಟೆಯಲ್ಲಿ ಚೆನ್ನಾಗಿ ಸಿಗುವ ಸಿಗ್ನಲ್ ಗುಡ್ಡದ ಮರೆಯ ಮನೆಗೆ ಅಷ್ಟೇ ಬಲವಾಗಿ ತಲುಪೀತೆಂದು ನಂಬುವಂತಿಲ್ಲ.

ಆದ್ದರಿಂದ ಓದುವ ಮಕ್ಕಳಿರುವ ಅಥವಾ ಪ್ರವಾಸಿಗರಿಗೆ ಕೋಣೆ ಕೊಡುವ ಮನೆಗಳಿಗೆ, ಬೀದಿಯವರೆಗೆ ಕೇಬಲ್ ಬಂದಿದ್ದರೆ, ಫೈಬರ್ ಸಂಪರ್ಕವೇ ಸರಿಯಾದ ಆಯ್ಕೆ. ಹಣದ ಲೆಕ್ಕ ನೋಡಿ ಸಂದೇಶಕ್ಕಷ್ಟೇ ಬಳಸುವವರಿಗೆ ಮೊಬೈಲ್ ಸಾಕು. ಫೈಬರ್ ಹಾಕಿಸುವವರು ಮಾಹಿತಿ ಇಳಿಯುವ ವೇಗವನ್ನಷ್ಟೇ ಅಲ್ಲ, ಏರುವ ವೇಗವನ್ನೂ, ನಿಗದಿತ ಡೇಟಾ ಮುಗಿದ ಮೇಲೆ ಉಳಿಯುವ ವೇಗವನ್ನೂ ಕೇಳಿ ತಿಳಿಯಬೇಕು. ವಿದ್ಯುತ್ ಹೋದರೆ ಮನೆಯ ರೌಟರ್ ಕೂಡ ನಿಲ್ಲುವುದರಿಂದ ಅದಕ್ಕೊಂದು ಸಣ್ಣ ಬ್ಯಾಟರಿ ಅಗತ್ಯ. ವರ್ಷದ ಹಣವನ್ನು ಒಮ್ಮೆಗೇ ಕಟ್ಟುವ ಮೊದಲು ಒಂದು ತಿಂಗಳ ಯೋಜನೆ ಪಡೆದು, ರಾತ್ರಿ ಎಂಟರ ಹೊತ್ತಿನ ವೇಗವನ್ನು ದಯವಿಟ್ಟು ಪರೀಕ್ಷಿಸಿ ನೋಡಿ.