ಮಲ್ಪೆಯ ಕಲ್ಲುಕಂಬಗಳ ದ್ವೀಪ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗಳಲ್ಲಿ ವಾಸಿಸುವ ನಮಗೆ ತೆಂಗಿನ ಮರವು ಹೊಸದಲ್ಲ. ಆದರೆ ಸಮುದ್ರದ ನಡುವೆ ತೆಂಗಿನ ದ್ವೀಪವೆಂಬ ಹೆಸರುಳ್ಳ ಒಂದು ಸ್ಥಳವು ನಮ್ಮ ಕನ್ನಡನಾಡಿನಲ್ಲಿಯೇ ಉಂಟೆಂಬದೂ, ಅಲ್ಲಿ ಮುಖ್ಯವಾಗಿ ನೋಡತಕ್ಕವು ಮರಗಳಲ್ಲ, ಕಲ್ಲುಗಳೆಂಬದೂ ನಮ್ಮಲ್ಲಿ ಅನೇಕರಿಗೆ ತಿಳಿಯದು. ಕಳೆದ ಚಳಿಗಾಲದಲ್ಲಿ ನಾವು ಕೆಲವರು ಹಾಸನ, ಸಕಲೇಶಪುರಗಳ ಮಾರ್ಗವಾಗಿ ಶಿರಾಡಿ ಘಟ್ಟವನ್ನಿಳಿದು, ಉಡುಪಿಗೆ ಹೋಗಿ, ಆ ದ್ವೀಪವನ್ನು ಕಂಡು ಬಂದೆವು. ಅಲ್ಲಿ ಕಲಿತದ್ದನ್ನೂ ನಮ್ಮ ಗುಂಪಿನಿಂದಾದ ಒಂದು ತಪ್ಪನ್ನೂ ಈ ಪಾಠದಲ್ಲಿ ಓದುಗರಿಗೆ ತಿಳಿಸುವೆವು.

೧. ದ್ವೀಪವು ಎಲ್ಲಿರುವದು?

ಉಡುಪಿ ಪಟ್ಟಣದ ಪಶ್ಚಿಮಕ್ಕೆ ಮಲ್ಪೆ ಎಂಬ ಮೀನುಗಾರರ ಬಂದರು ಉಂಟು. ಅಲ್ಲಿಂದ ದೋಣಿಯಲ್ಲಿ ಸುಮಾರು ೬ ಕಿಲೋಮೀಟರು ಹೋದರೆ ಉತ್ತರ ದಕ್ಷಿಣವಾಗಿ ಸಾಲಾಗಿರುವ ದ್ವೀಪಗಳು ಕಾಣುವವು. ಇವುಗಳಿಗೆ ಸೇಂಟ್ ಮೇರೀಸ್ ದ್ವೀಪಗಳೆಂದು ಹೆಸರು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ, ದಕ್ಷಿಣ ದ್ವೀಪ ಎಂಬ ನಾಲ್ಕು ಮುಖ್ಯವಾದವು. ೧೪೯೮ನೇ ಇಸವಿಯಲ್ಲಿ ಪೋರ್ಚುಗೀಸ್ ನಾವಿಕನಾದ ವಾಸ್ಕೋ ಡ ಗಾಮನು ಇಲ್ಲಿ ಇಳಿದು, ಯೇಸುವಿನ ತಾಯಿಯಾದ ಮರಿಯಳ ಹೆಸರನ್ನು ಇಟ್ಟನೆಂದು ಹೇಳುವರು. ಯಾತ್ರಿಕರು ನೋಡುವದು ತೆಂಗಿನ ದ್ವೀಪವನ್ನೇ. ಅದರ ಉದ್ದವು ಸುಮಾರು ಅರ್ಧ ಕಿಲೋಮೀಟರು, ಅಗಲವು ಸುಮಾರು ೧೦೦ ಮೀಟರು ಮಾತ್ರ. ನಮ್ಮ ಸೀಮೆಯ ಒಂದು ದೊಡ್ಡ ತೋಟದಷ್ಟೇ ಎನ್ನಬಹುದು. ಅಲ್ಲಿ ಯಾರೂ ಮನೆ ಮಾಡಿ ವಾಸಿಸುವದಿಲ್ಲ. ಮಳೆಗಾಲದಲ್ಲಿ ಸಮುದ್ರವು ಉಗ್ರವಾಗುವದರಿಂದ ದೋಣಿಗಳು ಹೋಗುವದಿಲ್ಲ.

೨. ಅಲ್ಲಿ ಏನಿರುವದು?

ದೋಣಿಯಿಂದ ಇಳಿದು ನಡೆದರೆ, ಶಿಲ್ಪಿಯೊಬ್ಬನು ಕಡೆದು ಒತ್ತೊತ್ತಾಗಿ ನಿಲ್ಲಿಸಿದನೋ ಎಂಬಂತೆ ಸಾವಿರಾರು ಕಲ್ಲುಕಂಬಗಳು ಕಾಣುವವು. ಅನೇಕ ಕಂಬಗಳಿಗೆ ಆರು ಮೂಲೆಗಳು. ಕೆಲವಕ್ಕೆ ಐದು, ಕೆಲವಕ್ಕೆ ಏಳು. ಅತಿ ಎತ್ತರವಾದ ಕಂಬಗಳು ಸುಮಾರು ೬ ಮೀಟರು, ಅಂದರೆ ಮೂರಾಳಿಗಿಂತ ಎತ್ತರ. ಮೇಲಿನಿಂದ ನೋಡಿದರೆ ಜೇನುಹಟ್ಟಿಯ ಕೋಣೆಗಳ ಹಾಗೆಯೇ ತೋರುವದು. ನಮ್ಮೊಂದಿಗೆ ಬಂದಿದ್ದ ಒಬ್ಬ ತಾಯಿಯು, "ಇದನ್ನು ಯಾವ ರಾಜ ಕಟ್ಟಿಸಿದ?" ಎಂದು ಕೇಳಿದಳು. ಯಾವ ರಾಜನೂ ಕಟ್ಟಿಸಲಿಲ್ಲ. ಅದು ಬೆಂಕಿಯಿಂದ ಹುಟ್ಟಿದ ಕಲ್ಲು.

೩. ಈ ಕಂಬಗಳು ಹೇಗೆ ಉಂಟಾದವು?

ಭೂಮಿಯ ಒಳಗೆ ಬಹು ಆಳದಲ್ಲಿ ಕಾವು ಹೆಚ್ಚಾಗಿರುವ ಕಡೆ ಕಲ್ಲು ಕರಗಿರುವದು. ಕೆಲವು ಕಡೆಗಳಲ್ಲಿ ಅದು ಬಿರುಕುಗಳ ಮೂಲಕ ಮೇಲಕ್ಕೆ ಉಕ್ಕುವದು. ಹೀಗೆ ಹೊರಬಂದ ಕರಗಿದ ಕಲ್ಲಿಗೆ ಲಾವಾ ಎಂದು ಹೆಸರು. ಮಲ್ಪೆಯ ಲಾವಾ ನೀರಿನಂತೆ ತೆಳುವಾದದ್ದಲ್ಲ. ಬೆಲ್ಲದ ಪಾಕದಂತೆ ಮಂದವಾದದ್ದು. ಆ ಕಲ್ಲಿನ ಜಾತಿಗೆ ರಯೋಲೈಟ್ ಎನ್ನುವರು. ಅದು ಹೊರಬಂದದ್ದು ಎಂಟೂವರೆ ಕೋಟಿ ವರುಷಗಳಿಗೂ ಹಿಂದೆ ಎಂದು ಭೂವಿಜ್ಞಾನಿಗಳು ಎಣಿಸಿರುವರು. ಆ ಕಾಲದಲ್ಲಿ, ಈಗ ಆಫ್ರಿಕದ ಬಳಿಯಲ್ಲಿರುವ ಮಡಗಾಸ್ಕರ್ ದ್ವೀಪವು ನಮ್ಮ ದೇಶಕ್ಕೆ ಅಂಟಿಕೊಂಡಿದ್ದು, ಅನಂತರ ಬೇರೆಯಾಯಿತು. ಆ ಅಗಲುವಿಕೆಯ ಕಾಲದ ಬೆಂಕಿಗೆ ಈ ಕಂಬಗಳು ಸಾಕ್ಷಿಯಾಗಿ ನಿಂತಿವೆ.

ಆದರೆ ಮೂಲೆಗಳು ಬಂದದ್ದು ಹೇಗೆ? ಇದನ್ನು ತಿಳಿಯುವದಕ್ಕೆ ನಮ್ಮ ಮನೆಯ ಅಟ್ಟವನ್ನೂ ಊರಿನ ಕೆರೆಯನ್ನೂ ನೆನಸಿಕೊಳ್ಳೋಣ. ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ನೀರು ಆರಿ, ತಿರುಳು ಕುಗ್ಗಿ, ಚಿಪ್ಪನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುವದು. ಕುಗ್ಗುವದಕ್ಕೆ ಸ್ಥಳವಿದ್ದುದರಿಂದ ಅದು ಒಡೆಯದೆ ಇಡಿಯಾಗಿ ಉಳಿಯುವದು. ಕೆರೆಯ ಅಂಗಳದ ಕೆಸರಾದರೋ ಹಾಗಲ್ಲ. ಬೇಸಿಗೆಯಲ್ಲಿ ಅದೂ ಕುಗ್ಗುವದು. ಆದರೆ ಕೆಳಗಿನ ನೆಲಕ್ಕೆ ಅಂಟಿಕೊಂಡಿರುವದರಿಂದ ಒಟ್ಟಾಗಿ ಸರಿಯಲಾರದೆ ಹೆಂಚು ಹೆಂಚಾಗಿ ಬಿರಿಯುವದು. ಲಾವಾ ಸಹ ತಣ್ಣಗಾಗುವಾಗ ಕುಗ್ಗುವದು. ಅದರ ಮೇಲ್ಮೈ ಮೊದಲು ಆರಿ ಬಿರುಕು ಬಿಡುವದು. ಮೂರು ಬಿರುಕುಗಳು ಒಂದು ಕಡೆ ಸಮನಾಗಿ ಕೂಡಿದರೆ ಆರು ಮೂಲೆಯ ತುಂಡುಗಳಾಗುವವು. ಒಳಭಾಗವು ನಿಧಾನವಾಗಿ ತಣಿದ ಹಾಗೆಲ್ಲಾ ಅದೇ ಬಿರುಕುಗಳು ಒಳಗೊಳಗೆ ಇಳಿಯುತ್ತಾ ಹೋಗುವವು. ಹೀಗೆ ತುಂಡು ಕಂಬವಾಯಿತು. ಉತ್ತರ ಐರ್ಲೆಂಡಿನ ಕಡಲ ತೀರದಲ್ಲಿ ಜಾಯಂಟ್ಸ್ ಕಾಸ್‌ವೇ ಎಂಬಲ್ಲಿ ಇಂಥ ಕಂಬಗಳು ಸುಮಾರು ೪೦,೦೦೦ ಇರುವವು. ೧೯೮೬ರಲ್ಲಿ ಅದನ್ನು ಲೋಕದ ಪರಂಪರೆಯ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿದರು.

೪. ನಮ್ಮ ಸೀಮೆಗೂ ಬೆಂಕಿಯ ಕಲ್ಲಿಗೂ ಏನು ಸಂಬಂಧ?

ಇದು ದೂರದ ಸಂಗತಿಯೆಂದು ಯಾರೂ ಎಣಿಸಬಾರದು. ಚಿತ್ರದುರ್ಗದ ಸಮೀಪದ ಮರಡಿಹಳ್ಳಿಯಲ್ಲಿ ತಲೆದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಕಲ್ಲುಗಳುಂಟು. ಅವು ನೀರಿನ ಅಡಿಯಲ್ಲಿ ಉಕ್ಕಿದ ಲಾವಾ. ೨೫೦ ಕೋಟಿ ವರುಷಗಳಿಗೂ ಹಿಂದಿನವು. ಮಲ್ಪೆಯ ಕಂಬಗಳು ಇವುಗಳ ಮುಂದೆ ಮೊನ್ನೆ ಹುಟ್ಟಿದ ಕೂಸುಗಳೇ ಸರಿ. ಮರಡಿಹಳ್ಳಿಯ ಕಲ್ಲಿನ ಪಟ್ಟಿಯೇ ತೆಂಕಣಕ್ಕೆ ಚಾಚಿ ಚಿಕ್ಕನಾಯಕನಹಳ್ಳಿಯ ಗುಡ್ಡಗಳಾಗಿ ನಿಂತಿರುವದು. ಆ ಗುಡ್ಡಗಳಲ್ಲಿ ಕಬ್ಬಿಣದ ಅದಿರೂ ಮ್ಯಾಂಗನೀಸೂ ಇದ್ದುದರಿಂದ ಅಲ್ಲಿ ಗಣಿಗಳಾದವು. ಅಗೆತವು ಮಿತಿ ಮೀರಿದ್ದರಿಂದ ೨೦೧೧ನೇ ಇಸವಿಯಲ್ಲಿ ಸುಪ್ರೀಂ ಕೋರ್ಟು ಮೊದಲು ಬಳ್ಳಾರಿಯಲ್ಲಿಯೂ ಅನಂತರ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ಗಣಿ ಕೆಲಸವನ್ನು ನಿಲ್ಲಿಸಬೇಕಾಯಿತು.

೫. ಕಾಪಾಡುವದು ಯಾರ ಕೆಲಸ?

ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು ಮಲ್ಪೆಯ ಕಂಬಗಳನ್ನೂ ಮರಡಿಹಳ್ಳಿಯ ದಿಂಬುಗಲ್ಲುಗಳನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿರುವದು. ಬೇರೆ ದೇಶಗಳಲ್ಲಿ ಇನ್ನೂ ಕಟ್ಟುನಿಟ್ಟಾಗಿರುವರು. ಐಸ್‌ಲೆಂಡಿನ ಬಳಿ ೧೯೬೩ರಲ್ಲಿ ಸಮುದ್ರದೊಳಗಿಂದ ಎದ್ದ ಸುರ್ಟ್ಸೇ ಎಂಬ ದ್ವೀಪದಲ್ಲಿ ಅಪ್ಪಣೆ ಪಡೆದ ವಿಜ್ಞಾನಿಗಳ ಹೊರತು ಬೇರೆ ಯಾರೂ ಕಾಲಿಡುವ ಹಾಗಿಲ್ಲ. ಬರಿಯ ಕಲ್ಲಿನ ಮೇಲೆ ಗಿಡವೂ ಹಕ್ಕಿಯೂ ತಾವಾಗಿಯೇ ಹೇಗೆ ನೆಲೆಸುವವೆಂದು ನೋಡಬೇಕೆಂಬದೇ ಅದರ ಉದ್ದೇಶ. ಮಲ್ಪೆಗೆ ಯಾರು ಬೇಕಾದರೂ ಹೋಗಬಹುದು. ಆದುದರಿಂದ ಹೋಗುವವರ ಹೊಣೆಯೇ ಹೆಚ್ಚು.

ಈಗ ನಮ್ಮ ತಪ್ಪನ್ನು ಹೇಳುವೆವು. ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮ ಹಿರಿಯರಲ್ಲೊಬ್ಬರು ಕೈಚೀಲದಿಂದ ಒಂದು ಕಲ್ಲಿನ ಚೂರನ್ನು ತೆಗೆದು ತೋರಿಸಿದರು. ಕಂಬವೊಂದರ ಅಂಚನ್ನು ಕುಟ್ಟಿ ತಂದದ್ದು. ನಾವು ಯಾರೂ ಬೇಡವೆನ್ನಲಿಲ್ಲ. ಕೈಯಿಂದ ಕೈಗೆ ದಾಟಿಸಿ ಸಂತೋಷಪಟ್ಟೆವು. ಊರಿಗೆ ಬಂದ ಮೇಲೆ ಅವರು ಅದನ್ನು ಮೊಮ್ಮಗಳಿಗೆ ಕೊಟ್ಟು, ಆರು ಮೂಲೆಯ ಕಂಬದ ಕಥೆಯನ್ನು ಹೇಳಿದರು. ಮಗುವು ಚೂರನ್ನು ತಿರುಗಿಸಿ ತಿರುಗಿಸಿ ಎಣಿಸಿ, "ತಾತ, ಇದರಲ್ಲಿ ಎರಡೇ ಮೂಲೆ ಇದಾವಲ್ಲ, ಮಿಕ್ಕವು ಎಲ್ಲಿ?" ಎಂದು ಕೇಳಿತು. ಹಿರಿಯರಿಗೆ ಉತ್ತರ ತೋಚಲಿಲ್ಲ. ಮಿಕ್ಕವು ಮಲ್ಪೆಯಲ್ಲಿವೆ, ಆದರೆ ಅಲ್ಲಿಯ ಕಂಬಕ್ಕೂ ಈಗ ಆರು ಮೂಲೆಗಳಿಲ್ಲ. ಆ ಚೂರು ಇಲ್ಲಿಯೂ ಪಾಠವಾಗಲಿಲ್ಲ, ಅಲ್ಲಿಯ ಪಾಠವನ್ನೂ ಕೆಡಿಸಿತು. ಹಿಂದಕ್ಕೆ ಕಳುಹಿಸಿದರೂ ಅಂಟುವದಿಲ್ಲ. ಅವರು ತಾವೇ ಎದ್ದು, ಈ ಸಂಗತಿಯನ್ನು ಬರೆಯಿರಿ ಎಂದು ನಮಗೆ ಹೇಳಿದರು.

ಪ್ರಿಯ ಓದುಗರೇ, ತೆಂಗಿನ ಮರ ಬಿದ್ದರೆ ಸಸಿ ನೆಟ್ಟು ಕೆಲವು ವರುಷ ಕಾದು ಫಲವನ್ನು ಕಾಣಬಹುದು. ಮುರಿದ ಕಲ್ಲಿಗೂ ಅಗೆದ ಗುಡ್ಡಕ್ಕೂ ಸಸಿಯಿಲ್ಲ. ತಿರಿಗಿ ಬೆಳೆಯುವದನ್ನು ಬೇಸಾಯಗಾರನಂತೆ ಉಪಯೋಗಿಸೋಣ. ತಿರಿಗಿ ಬಾರದ್ದನ್ನು ಕಾವಲುಗಾರನಂತೆ ಕಾಯೋಣ. ನಿಮ್ಮಲ್ಲಿ ಯಾರಾದರೂ ಮಲ್ಪೆಗೆ ಹೋದರೆ ಕಣ್ಣು ತುಂಬ ನೋಡಿರಿ, ಬರಿಗೈಯಲ್ಲಿ ಬನ್ನಿರಿ, ಕಸವನ್ನೂ ಬಿಟ್ಟು ಬರಬೇಡಿರಿ.

ಪ್ರಶ್ನೆಗಳು

೧. ಅಟ್ಟದ ಕೊಬ್ಬರಿ ಇಡಿಯಾಗಿ ಉಳಿಯುವದು, ಕೆರೆಯ ಕೆಸರು ಬಿರಿಯುವದು. ಕಾರಣವೇನು?
೨. ಮಲ್ಪೆಯ ಕಂಬಗಳು ಹಳೆಯವೋ, ಮರಡಿಹಳ್ಳಿಯ ಕಲ್ಲುಗಳು ಹಳೆಯವೋ?
೩. ಬಸ್ಸಿನಲ್ಲಿ ಸುಮ್ಮನಿದ್ದವರ ತಪ್ಪು ಕಲ್ಲು ತಂದವರ ತಪ್ಪಿಗಿಂತ ಕಡಿಮೆಯೋ? ಕೂಡಿ ವಿಚಾರಿಸಿರಿ.
೪. ನಿಮ್ಮ ಊರಿನಲ್ಲಿ, ಒಮ್ಮೆ ಹೋದರೆ ತಿರಿಗಿ ಬಾರದ ವಸ್ತುಗಳು ಯಾವವು? ಅವುಗಳನ್ನು ಈಗ ಕಾಯುವವರು ಯಾರು?