ಹೆಸರು ಹಚ್ಚಿದ ಮೇಲೆ: ವಿದ್ಯಾರ್ಥಿಯ ದಾಖಲಾತಿ ಮತ್ತು ಶುಲ್ಕದ ಹೊಣೆ

ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ಕುಳಿತು ಒಂದೇ ಪಾಠವನ್ನು ಕೇಳುವ ಇಬ್ಬರು ವಿದ್ಯಾರ್ಥಿಗಳು ವಿಭಿನ್ನ ಮೊತ್ತದ ಶುಲ್ಕವನ್ನು ತೆರುವುದು ಕೆಲವೊಮ್ಮೆ ಶಾಸನಸಮ್ಮತವಾದ ವ್ಯವಸ್ಥೆ, ಕೆಲವೊಮ್ಮೆ ಶುದ್ಧ ಅನ್ಯಾಯ. ಇವೆರಡರ ಅಂತರವನ್ನರಿಯಬೇಕಾದರೆ ಕಾಲೇಜಿನ ದಾಖಲಾತಿ ಪುಸ್ತಕದಲ್ಲಿ ವಿದ್ಯಾರ್ಥಿಯ ಹೆಸರು ಯಾವ ಬಗೆಯ ಸೀಟಿನಡಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ನಮೂದಾಗಿದೆಯೆಂಬುದನ್ನು ನೋಡಬೇಕು. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಮಕ್ಕಳ ಹೆಸರು ಹಚ್ಚಿಸಲು ಹೋಗುವ ತಂದೆತಾಯಿಗಳು ಶುಲ್ಕದ ಮೊತ್ತವನ್ನು ವಿಚಾರಿಸುವಷ್ಟು ಆಸ್ಥೆಯಿಂದ ಈ ನಮೂದನ್ನು ವಿಚಾರಿಸುವುದಿಲ್ಲ. ತರುವಾಯ ಹುಟ್ಟುವ ತಕರಾರುಗಳ ಬಹುಭಾಗಕ್ಕೆ ಇದೇ ಮೂಲವೆಂದು ನನ್ನ ದೃಢವಾದ ಅಭಿಪ್ರಾಯ.

ವಿದ್ಯಾರ್ಥಿ ಎಲ್ಲಿಯವನೆಂಬುದನ್ನು ನೋಡಿ ಶುಲ್ಕ ವಿಧಿಸಬಹುದೇ ಎಂಬ ಪ್ರಶ್ನೆ ಇಂದಿನದಲ್ಲ. ಇಂದೂರಿನ ವೈದ್ಯಕೀಯ ಕಾಲೇಜಿನಲ್ಲಿ ಮಧ್ಯಭಾರತದ ನಿವಾಸಿಗಳಿಗೆ ವಿನಾಯಿತಿ ಕೊಟ್ಟು ಹೊರಗಿನವರಿಂದ ಮಾತ್ರ ಹೆಚ್ಚುವರಿ ಹಣವನ್ನು ಪಡೆಯುತ್ತಿದ್ದುದನ್ನು ಡಿ.ಪಿ. ಜೋಶಿ ಪ್ರಕರಣದಲ್ಲಿ ವಿಮರ್ಶಿಸಿದ ಸರ್ವೋಚ್ಚ ನ್ಯಾಯಾಲಯವು, ನಿವಾಸವನ್ನಾಧರಿಸಿದ ಆ ಭೇದ ಸಂವಿಧಾನಬಾಹಿರವಲ್ಲವೆಂದು 1955ರಲ್ಲಿ ತೀರ್ಪಿತ್ತಿತು. ನಮ್ಮ ರಾಜ್ಯದಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಅಧಿನಿಯಮ 1984ರಲ್ಲಿ ಬಂದಿತು. ಅದರಡಿ 1989ರ ಜೂನ್ 5ರಂದು ಹೊರಟ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಇತರ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ ಎಂದು ಮೂರು ಶ್ರೇಣಿಗಳನ್ನು ಗೊತ್ತುಪಡಿಸಿತು. ತುಮಕೂರಿನ ಕಾಲೇಜೊಂದರಲ್ಲಿ ಸೀಟು ಬಯಸಿದ ಮೀರತ್‌ನ ಮೋಹಿನಿ ಜೈನ್ ಇದನ್ನು ಪ್ರಶ್ನಿಸಲಾಗಿ, ಆ 60,000 ಶುಲ್ಕದ ವೇಷ ಧರಿಸಿದ ಕ್ಯಾಪಿಟೇಷನ್ನೇ ಎಂದು ಸರ್ವೋಚ್ಚ ನ್ಯಾಯಾಲಯವು 1992ರ ಜುಲೈ 30ರಂದು ಸಾರಿತು. ಆ ತೀರ್ಪಿನ ಕೆಲವು ಅಂಶಗಳನ್ನು ಮುಂದಿನ ಪೀಠಗಳು ಮಾರ್ಪಡಿಸಿದರೂ, ನಿಗದಿತ ಶುಲ್ಕದ ಮೇಲೆ ಗುಪ್ತವಾಗಿ ಏನನ್ನೂ ಪಡೆಯಲಾಗದೆಂಬ ತತ್ತ್ವ ಅಳಿಯಲಿಲ್ಲ. ಅಲ್ಲದೆ 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪು, ಸಂಸ್ಥೆಯು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಶುಲ್ಕವನ್ನಷ್ಟೇ ವಸೂಲು ಮಾಡಬಹುದೆಂದು ಹೇಳಿದೆ. ಇಡೀ ವ್ಯಾಸಂಗದ ಹಣವನ್ನು ಮೊದಲೇ ಕಟ್ಟಿರೆನ್ನುವವರಿಗೆ ಇದನ್ನು ನೆನಪಿಸಬೇಕು.

ಇಂದು ವೃತ್ತಿಶಿಕ್ಷಣದ ಸೀಟಿನ ಬಗೆಯನ್ನು ನಿರ್ಣಯಿಸುವುದು ಮುಖ್ಯವಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಒಂದನೆಯ ತರಗತಿಯಿಂದ ಹನ್ನೆರಡನೆಯದರವರೆಗೆ ಕನಿಷ್ಠ ಏಳು ಪೂರ್ಣ ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಇಲ್ಲಿಯೇ ಪಾಸಾಗಿರಬೇಕೆಂಬುದು ಅರ್ಹತೆಯ ಪ್ರಧಾನ ಕಲಮು. ದುಡಿಮೆಯನ್ನರಸಿ ಗೋವೆಗೆ ಹೋದ ಕುಟುಂಬಗಳು ನಮ್ಮ ಭಾಗದಲ್ಲಿ ವಿರಳವಲ್ಲ. ಅವರ ಮಕ್ಕಳು ಕೆಲವು ವರ್ಷ ಅಲ್ಲಿಯ ಸಾಲಿ ಕಲಿತಿದ್ದರೆ ಈ ಏಳರ ಲೆಕ್ಕ ತಪ್ಪುವ ಸಂಭವವುಂಟು. ಅಂಥವರು ತಂದೆ ಅಥವಾ ತಾಯಿಯ ವ್ಯಾಸಂಗವನ್ನು ಪರಿಗಣಿಸುವ ಇತರ ಕಲಮುಗಳನ್ನು ಓದಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜುವುಳ್ಳ ವ್ಯಾಸಂಗ ಪ್ರಮಾಣಪತ್ರವನ್ನು ಬೇಸಿಗೆಯಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಲೇಸು. ಮುಂಡರಗಿ ತಾಲ್ಲೂಕಿನವರಿಗೆ ಇನ್ನೊಂದು ಸೂಕ್ಷ್ಮವುಂಟು: ನೆರೆಯ ಕೊಪ್ಪಳ ಜಿಲ್ಲೆಯವರಿಗೂ ತುಂಗಭದ್ರೆಯಾಚೆಯ ಹೂವಿನಹಡಗಲಿಯವರಿಗೂ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಲಭ್ಯ, ಗದಗ ಜಿಲ್ಲೆಯು ಆ ವಿಧಿಯ ವ್ಯಾಪ್ತಿಗೆ ಸೇರಿದುದಲ್ಲ. ಅರ್ಜಿಯಲ್ಲಿ ಆ ಅಂಕಣವನ್ನು ಅನ್ಯರ ಮಾತು ಕೇಳಿ ತುಂಬಿದರೆ ದಾಖಲೆ ಪರಿಶೀಲನೆಯ ದಿನ ಸೀಟೇ ಕೈತಪ್ಪೀತು.

ಎಂಜಿನಿಯರಿಂಗ್ ವಿಭಾಗದಲ್ಲಿ ಎಸ್.ಎನ್.ಕ್ಯೂ. ಎಂಬ ಹೆಚ್ಚುವರಿ ಸೀಟು ಬೋಧನಾಶುಲ್ಕವನ್ನು ಮನ್ನಾ ಮಾಡುತ್ತದೆ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಮನ್ನಾ ಆಗುವುದು ಬೋಧನಾಶುಲ್ಕ ಮಾತ್ರ, ಉಳಿದ ಶುಲ್ಕಗಳಲ್ಲ. ಮತ್ತು ಆ ಸೀಟಿನವರು ಮಧ್ಯದಲ್ಲಿ ಕಾಲೇಜನ್ನಾಗಲಿ ಶಾಖೆಯನ್ನಾಗಲಿ ಬದಲಿಸುವಂತಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು, ಆದಾಯ ಎರಡೂವರೆ ಲಕ್ಷದೊಳಗಿದ್ದರೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಹರು. ಈ ಯೋಜನೆಯ 2021ರ ಮಾರ್ಗಸೂಚಿಯ ಮೇರೆಗೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬೀಳುವುದರಿಂದ, ಅದರಲ್ಲಿಯ ಶುಲ್ಕದ ಭಾಗವನ್ನು ಕಾಲೇಜಿಗೆ ಕಟ್ಟಿ ಪಾವತಿ ಪಡೆಯುವ ಹೊಣೆ ವಿದ್ಯಾರ್ಥಿಯದೇ. ಮನೆಯ ಅಡಚಣೆಗೆ ಆ ಹಣ ಖರ್ಚಾಗಿ ಹೋದರೆ, ಸರ್ಕಾರ ಕೊಟ್ಟ ಬಳಿಕವೂ ಕಾಲೇಜಿನ ಪುಸ್ತಕದಲ್ಲಿ ಬಾಕಿಯು ಬಾಕಿಯಾಗಿಯೇ ನಿಲ್ಲುವುದು.

ಅತಿ ಹೆಚ್ಚು ನಷ್ಟವಾಗುವುದು ಕಾಲೇಜು ಬಿಡುವಾಗ. ತರಗತಿಗೆ ಹೋಗುವುದನ್ನು ನಿಲ್ಲಿಸಿದರೆ ಸಂಬಂಧ ತೀರಿತೆಂದು ಭಾವಿಸುವವರು ಬಹಳ. ಆದರೆ ಲಿಖಿತವಾಗಿ ಹೆಸರು ತೆಗೆಸುವವರೆಗೆ ಆ ಹುಡುಗ ಕಾಲೇಜಿನ ದೃಷ್ಟಿಯಲ್ಲಿ ವಿದ್ಯಾರ್ಥಿಯೇ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಅಧಿಸೂಚನೆಯು ಮರುಪಾವತಿಯನ್ನು ದಿನಗಣನೆಯ ಮೇಲೆಯೇ ನಿಲ್ಲಿಸಿದೆ. ಪ್ರವೇಶಕ್ಕೆ ಪ್ರಕಟಿಸಿದ ಕಡೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ರದ್ದುಮಾಡಿದರೆ ಪೂರ್ಣ ಶುಲ್ಕ (ಶೇಕಡಾ 5ರಷ್ಟು, ಗರಿಷ್ಠ 5,000 ರೂಪಾಯಿಗಳ ಕಡಿತಕ್ಕೊಳಪಟ್ಟು), 15 ದಿನದೊಳಗೆ ಶೇಕಡಾ 90, ಕಡೆಯ ದಿನಾಂಕ ಕಳೆದ 15 ದಿನದವರೆಗೆ ಶೇಕಡಾ 80, 30 ದಿನದವರೆಗೆ ಶೇಕಡಾ 50. ಆಮೇಲೆ ಏನೂ ಇಲ್ಲ. ಕೆಲವು ವರ್ಷಗಳಲ್ಲಿ ಆಯೋಗವು ಇದಕ್ಕಿಂತ ಉದಾರವಾದ ನೀತಿಯನ್ನು ಹೊರಡಿಸಿದೆ: 2024-25ರ ಸಾಲಿಗೆ ಸೆಪ್ಟೆಂಬರ್ 30ರವರೆಗೆ ಪೂರ್ಣ ಮರುಪಾವತಿ, ಅಕ್ಟೋಬರ್ 31ರವರೆಗೆ 1,000 ರೂಪಾಯಿ ಮೀರದ ಕಡಿತ ಎಂದಿತ್ತು. ಆದಕಾರಣ ಆಯಾ ವರ್ಷದ ಸುತ್ತೋಲೆಯನ್ನು ನೋಡತಕ್ಕದ್ದು. ಪರೀಕ್ಷಾ ಪ್ರಾಧಿಕಾರದ ಮೂಲಕ ಪಡೆದ ಸೀಟಿಗೆ ರದ್ದತಿಯ ನಿಯಮಗಳೇ ಬೇರೆ. ಮೂಲ ಅಂಕಪಟ್ಟಿ, ಟಿ.ಸಿ.ಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕಲ್ಲದೆ, ಬಾಕಿಯ ಒತ್ತೆಯಾಗಿ ಇಟ್ಟುಕೊಳ್ಳಬಾರದೆಂದೂ ಅದೇ 2018ರ ಅಧಿಸೂಚನೆ ವಿಧಿಸುತ್ತದೆ.

ಹಾಗಾಗಿ ಕಾಲೇಜು ಬಿಡುವವರು ಪ್ರಾಚಾರ್ಯರಿಗೆ ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಬರೆದು, ಪ್ರವೇಶದ ದಿನಾಂಕ, ಪಾವತಿಯ ಸಂಖ್ಯೆ, ಕಟ್ಟಿದ ಮೊತ್ತಗಳನ್ನು ಕಾಣಿಸಿ, ತಮ್ಮ ಪ್ರತಿಯ ಮೇಲೆ ಕಚೇರಿಯ ಸಿಕ್ಕಾ, ಸಹಿ, ತಾರೀಖುಗಳನ್ನು ಹಾಕಿಸಿಕೊಳ್ಳಬೇಕು. ಕಚೇರಿಯವರು ಸ್ವೀಕರಿಸಲು ಹಿಂದೆಗೆದರೆ ಅಂದೇ ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಕಾಪಾಡಿಕೊಳ್ಳತಕ್ಕದ್ದು.

ಫಲವಾಗದಿದ್ದಲ್ಲಿ ಅನುದಾನ ಆಯೋಗದ 2023ರ ನಿಯಮಾವಳಿಯಂತೆ ಕಾಲೇಜಿನಲ್ಲಿರಲೇಬೇಕಾದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಬೇಕು. ಸಮಿತಿಗೆ 15 ಕೆಲಸದ ದಿನಗಳ ಗಡುವುಂಟು. ಅದರ ನಿರ್ಣಯ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳಿಗೆ ಅದು ಸಾಮಾನ್ಯವಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಿಂದ ಶುಲ್ಕದ ಆದೇಶದ ಪ್ರತಿಯನ್ನು 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಯಿಂದ ಪಡೆಯಲು ಬರುತ್ತದೆ. ಗ್ರಾಹಕ ಆಯೋಗದ ದಾರಿಯನ್ನು ನಾನು ಸೂಚಿಸಲಾರೆ, ಏಕೆಂದರೆ ಬೋಧನೆಯು ಗ್ರಾಹಕ ಕಾಯಿದೆಯಡಿ ಸೇವೆಯಲ್ಲವೆಂದು ರಾಷ್ಟ್ರೀಯ ಆಯೋಗವೇ 2020ರಲ್ಲಿ ಹೇಳಿಬಿಟ್ಟಿದೆ. ವಕೀಲರ ಫೀ ಭರಿಸಲಾರದವರು ಕಾನೂನು ಸೇವೆಗಳ ಪ್ರಾಧಿಕಾರದ 15100 ಸಂಖ್ಯೆಗೆ ಕರೆಮಾಡಬಹುದು. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಆದಾಯವನ್ನು ಕೇಳದೆಯೇ ಉಚಿತ ವಕೀಲರನ್ನು ಕೊಡುವಂತೆ 1987ರ ಅಧಿನಿಯಮದ 12ನೆಯ ಕಲಮು ವಿಧಿಸಿದೆ.