ಸವಳು ಹೊಲಕ್ಕೆ ಹಾಕುವ ಹಣವೂ ಅದರ ಇಂದಿನ ಬೆಲೆಯೂ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಎರೆಭೂಮಿಗೆ ಕೃಷ್ಣಾ ಘಟಪ್ರಭಾ ನದಿಗಳ ನೀರು ಒದಗಿದ ಮೇಲೆ ಕಬ್ಬಿನ ಬೆಳೆಯು ಹಬ್ಬಿದ ಸಂಗತಿಯು ಸರ್ವರಿಗೂ ತಿಳಿದಿದೆ. ಅಳತೆಯಿಲ್ಲದೆ ನೀರುಣಿಸಿದುದರಿಂದ ತಗ್ಗಿನ ಹೊಲಗಳಲ್ಲಿ ನೀರು ಬಸಿದುಹೋಗದೆ ನಿಂತು, ಉಪ್ಪು ಮೇಲಕ್ಕೇರಿ, ಭೂಮಿಯು ಸವಳು-ಜವಳಾದುದೂ ತಿಳಿದದ್ದೇ. ಇಂತಹ ಹೊಲದಲ್ಲಿ ತೂತುಳ್ಳ ಕೊಳವೆಗಳನ್ನು ಹೂಳಿ ನೀರನ್ನು ಹಳ್ಳಕ್ಕೆ ಬಸಿಯಗೊಟ್ಟರೆ ಉಪ್ಪು ತೊಳೆದುಹೋಗಿ ಭೂಮಿಯು ಸುಧಾರಿಸುವುದು. ಆದರೆ ಖರ್ಚು ಇಂದೇ ಆಗತಕ್ಕದ್ದು. ಫಲವಾದರೋ ವರುಷ ವರುಷಕ್ಕೆ ಬರತಕ್ಕದ್ದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ಒಂದು ಎಕರೆಗೆ 60,000 ರೂಪಾಯಿ ವೆಚ್ಚ. ಮೊದಲನೆಯ ವರುಷ ಉಪ್ಪು ತೊಳೆಯುವುದರಲ್ಲಿಯೇ ಕಳೆಯುವುದು. ಎರಡನೆಯ ವರುಷದಿಂದ ಆರನೆಯದರವರೆಗೆ ಸಾಗುವಳಿಯ ಖರ್ಚು ಕಳೆದು ವರುಷಕ್ಕೆ 18,000 ರೂಪಾಯಿ ಹೆಚ್ಚಿನ ಹುಟ್ಟುವಳಿ. ಕೂಡಿಸಿದರೆ 90,000, ಆದುದರಿಂದ ಲಾಭವು 30,000 ಎಂದು ನಮ್ಮ ಒಕ್ಕಲಿಗರು ಹೇಳುವರು. ಈ ಲೆಕ್ಕವು ತಪ್ಪು.

ಮುದ್ದತಿಗೆ ಮುಂಚೆ ಹುಂಡಿಯನ್ನು ನಗದು ಮಾಡಿಕೊಡುವ ವ್ಯಾಪಾರಿಯು ಪೂರ್ತಿ ಹಣ ಕೊಡದೆ ವಟಾವು ಮುರಿದುಕೊಳ್ಳುವನಷ್ಟೆ? ನಾಳೆ ಬರುವ ರೂಪಾಯಿಗೆ ಇಂದಿನ ರೂಪಾಯಿಯ ತೂಕವಿಲ್ಲವೆಂಬುದನ್ನು ಅವನು ಬಲ್ಲನು. ಶೇಕಡಾ 10 ಬಡ್ಡಿಯಂತೆ ಇಂದಿನ 91 ರೂಪಾಯಿಯು ವರುಷ ತುಂಬಿದಾಗ ಹೆಚ್ಚುಕಡಿಮೆ 100 ಆಗುವುದು. ಆದುದರಿಂದ ಬರುವ ವರುಷದ 100 ರೂಪಾಯಿಗೆ ಇಂದಿನ ಬೆಲೆ 91 ಮಾತ್ರ. ಒಂದು ವರುಷಕ್ಕೆ 1.10 ರಿಂದ ಒಮ್ಮೆ ಭಾಗಿಸುವುದು, ಎರಡು ವರುಷಕ್ಕೆ ಎರಡು ಸಲ, ಇದೇ ಕ್ರಮ. ಹೀಗೆ ಎರಡನೆಯ ವರುಷದ 18,000ವು 14,876 ಆಗುತ್ತದೆ, ಆರನೆಯ ವರುಷದ್ದು ಬರಿಯ 10,160. ಐದು ವರುಷದ್ದನ್ನೂ ಕೂಡಿಸಲು ಸುಮಾರು 62,000 ಬರುವುದು. ಅದರಲ್ಲಿ ವೆಚ್ಚವನ್ನು ಕಳೆದು ಉಳಿದ 2,000 ರೂಪಾಯಿಯೇ ಇಂದಿನ ನಿವ್ವಳ ಬೆಲೆ. ಮೂವತ್ತು ಸಾವಿರವೆಂದು ತೋರಿದ್ದು ಎಷ್ಟಾಯಿತೆಂಬುದನ್ನು ನೋಡಿರಿ.

ಸಾಲದ ಬಡ್ಡಿಯು ಶೇಕಡಾ 12 ಆದರೆ ಇದೇ ಕೆಲಸದಲ್ಲಿ 2,100 ರೂಪಾಯಿ ನಷ್ಟ. ತಿಂಗಳಿಗೆ ನೂರಕ್ಕೆ ಎರಡರಂತೆ, ಎಂದರೆ ವರುಷಕ್ಕೆ 24ರಂತೆ, ಸಾಹುಕಾರನಿಂದ ತಂದರೆ ನಷ್ಟವು 20,000ಕ್ಕೂ ಮೀರುವುದು. ಸ್ವಂತ ಹಣವಾದರೂ ಬಡ್ಡಿಯನ್ನು ಬಿಡಕೂಡದು; ಆ ಹಣವು ಬೇರೆಡೆ ಗಳಿಸಬಹುದಾಗಿದ್ದುದೇ ಅದರ ಬಡ್ಡಿ. ಬನಹಟ್ಟಿಯ ನೇಕಾರನು ಹೊಸ ಮಗ್ಗ ಕೊಳ್ಳುವಾಗಲೂ ನೋಡಬೇಕಾದುದು ಇದನ್ನೇ.

ಆದರೆ ಆತುರದಿಂದ ಕೆಲಸವನ್ನು ಕೈಬಿಡುವುದೂ ಸಲ್ಲದು. ಕೊಳವೆಗಳು ಎಂಟು ವರುಷ ಕೆಲಸ ಮಾಡಿದರೆ ಶೇಕಡಾ 12ರ ಬಡ್ಡಿಯಲ್ಲಿಯೂ 13,300 ರೂಪಾಯಿ ಮಿಗುವುದು. ಮೇಲಾಗಿ, 18,000 ಎಂಬುದು ಸುಧಾರಿಸಿದ ಹೊಲಕ್ಕೂ ಹಾಗೆಯೇ ಬಿಟ್ಟ ಹೊಲಕ್ಕೂ ಇರುವ ಅಂತರವೆಂಬುದನ್ನು ಮರೆಯಬಾರದು. ಬಿಟ್ಟ ಹೊಲವು ವರುಷ ವರುಷ ಕೆಡುತ್ತಲೇ ಹೋದರೆ ಈ ಅಂತರವು ಬೆಳೆಯುತ್ತದೆ. ಕಬ್ಬಿನ ಹಣ ಕೈಸೇರುವ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು. 14 ದಿನ ಮೀರಿ ಬಾಕಿ ಉಳಿದ ಹಣಕ್ಕೆ ಶೇಕಡಾ 15 ಬಡ್ಡಿ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿದೆ. ಅದನ್ನು ಕೇಳಿ ಪಡೆಯುವುದು ರೈತರ ಹಕ್ಕು.

ಇನ್ನು ಊರ ಗೌಡರಿಗೆ ಒಂದು ಮಾತು. ಬಸಿನೀರು ಹಳ್ಳ ಸೇರಬೇಕಾದರೆ ನೆರೆಯವರ ಹೊಲ ದಾಟಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು, ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ತರುವುದಕ್ಕೆ ಕೂಡಿದವರು ನೀರು ಹೊರಹಾಕುವುದಕ್ಕೂ ಕೂಡಬಹುದು. ವಂತಿಗೆ ಹಂಚುವಾಗ ಸವಳಾದ ಹೊಲದವನ ತಲೆಯ ಮೇಲೆಯೇ ಎಲ್ಲವನ್ನೂ ಹೊರಿಸಕೂಡದು; ಮೇಲಿನ ಹೊಲದವರು ಹೆಚ್ಚಾಗಿ ಹಾಯಿಸಿದ ನೀರೂ ಅವನ ತಗ್ಗಿಗೇ ಬಸಿದು ಬರುತ್ತದೆ.